ಟಾಪ್ ಗನ್ ಸಿನಿಮಾದ ವಾಯುನೆಲೆಗಳು ನಿಜವಾದವೇ? ಯಲಹಂಕದಲ್ಲಿ ನಾವೂ ಶೂಟಿಂಗ್ ಮಾಡಬಹುದೇ?

ಪ್ರಶ್ನೆ: ಸರ್, ನಾನು ಗೌರಿಬಿದನೂರಿನವಳು. ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದೇನೆ. ಈಚೆಗೆ ಸ್ನೇಹಿತರೆಲ್ಲ ಸೇರಿ ಟಾಪ್ ಗನ್ ಸಿನಿಮಾದ ಎರಡೂ ಭಾಗ ನೋಡಿದೆವು. ಅದರಲ್ಲಿ ಬರುವ ವಾಯುನೆಲೆ, ಹಡಗು, ಮರುಭೂಮಿ ಎಲ್ಲ ನಿಜವಾದ ಮಿಲಿಟರಿ ಜಾಗಗಳೇ? ಎಲ್ಲವೂ ಗ್ರಾಫಿಕ್ಸ್ ಅಂತ ನಮ್ಮ ಅಣ್ಣ ವಾದ ಮಾಡುತ್ತಾನೆ. ಇನ್ನೊಂದು ವಿಷಯ. ಹಳ್ಳಿ ಹುಡುಗಿಯೊಬ್ಬಳು ಫೈಟರ್ ಪೈಲಟ್ ಆಗುವ ಕಥೆ ಇಟ್ಟುಕೊಂಡು ನಾವೊಂದು ಕಿರುಚಿತ್ರ ಮಾಡಬೇಕು ಅಂತಿದ್ದೇವೆ. ಯಲಹಂಕ ವಾಯುನೆಲೆಯ ಒಳಗೆ ಅನುಮತಿ ಸಿಗುತ್ತದೆಯೇ? ಸಿಗದಿದ್ದರೆ ಹೈವೇ ಪಕ್ಕದಲ್ಲಿ ನಿಂತು ಒಂದೆರಡು ಶಾಟ್ ತೆಗೆದುಕೊಂಡರೆ ತಪ್ಪಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಬೇಲಿ ಪಕ್ಕ ನಿಂತು ಶೂಟಿಂಗ್ ಮಾಡಬೇಡಿ. ವಾಯುನೆಲೆ ಅನ್ನುವುದು 1923ರ ಅಧಿಕೃತ ರಹಸ್ಯ ಕಾಯ್ದೆಯ ಪ್ರಕಾರ ನಿಷೇಧಿತ ಸ್ಥಳ. ಗೋಡೆಯ ಉದ್ದಕ್ಕೂ ಫೋಟೊ ತೆಗೆಯಬಾರದು ಅಂತ ಬರೆದಿರುವುದನ್ನು ಬಸ್ಸಿನಲ್ಲಿ ಹೋಗುವಾಗ ನೀವೂ ನೋಡಿರುತ್ತೀರಿ. ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಗೇಟಿನಲ್ಲಿ ಕಾವಲಿಗೆ ನಿಂತ ಜವಾನನಿಗೆ ಅದು ಹೇಗೆ ಗೊತ್ತಾಗಬೇಕು? ಟ್ರೈಪಾಡ್ ಹಾಕಿಕೊಂಡು ರನ್‌ವೇ ಕಡೆ ಕ್ಯಾಮೆರಾ ತಿರುಗಿಸಿದವರು ಕಾಲೇಜಿನ ಮಕ್ಕಳೋ ಬೇರೆ ಯಾರೋ ಅಂತ ನಿರ್ಧಾರ ಮಾಡುತ್ತಾ ಕೂರುವುದು ಅವನ ಕೆಲಸವಲ್ಲ. ಕೇಸು, ಪೊಲೀಸ್ ಸ್ಟೇಷನ್ನು, ಮೊಬೈಲ್ ಜಪ್ತಿ ಅಂತ ಶುರುವಾದರೆ ನಿಮ್ಮ ಓದಿಗೇ ತೊಂದರೆ. ಡ್ರೋನ್ ಅಂತೂ ಯೋಚನೆಯನ್ನೂ ಮಾಡಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ಜಾಗಗಳ ಸುತ್ತ ಕೆಂಪು, ಹಳದಿ ವಲಯಗಳನ್ನು ಗುರುತಿಸಿರುತ್ತಾರೆ.

ಈಗ ಟಾಪ್ ಗನ್‌ಗೆ ಬರೋಣ. ನಾನು ವಾಯುಪಡೆಯಲ್ಲಿ ಇಂಜಿನ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ಇಂಥ ಸಿನಿಮಾ ನೋಡುವಾಗ ನನ್ನ ಕಣ್ಣು ಹೀರೋಗಿಂತ ಹಿಂದೆ ನಿಂತವರ ಮೇಲೆಯೇ ಜಾಸ್ತಿ. ವಿಮಾನದ ಕೆಳಗೆ ಬಗ್ಗಿ ನೋಡುತ್ತಿರುವವನು ಯಾರು, ಏಣಿ ಹಿಡಿದವನು ಯಾರು, ಕೈಸನ್ನೆ ಸರಿಯಾಗಿದೆಯಾ ಅಂತ ಹುಡುಕುತ್ತೇನೆ. ಈ ಎರಡು ಸಿನಿಮಾಗಳಲ್ಲಿ ಹಾಗೆ ನೋಡಿದಾಗ ಕಾಣುವುದು ನಿಜವಾದ ಜಾಗಗಳು, ಮತ್ತು ಬಹಳಷ್ಟು ಕಡೆ ಅಲ್ಲಿ ನಿಜವಾಗಿಯೂ ಕೆಲಸ ಮಾಡುವ ಜನ.

1986ರ ಮೊದಲ ಚಿತ್ರದ ಮುಖ್ಯ ಜಾಗ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಊರಿನ ಮಿರಮಾರ್ ನೌಕಾ ವಾಯುನೆಲೆ. ಅಮೆರಿಕದಲ್ಲಿ ನೌಕಾಪಡೆಗೂ ತನ್ನದೇ ಫೈಟರ್ ವಿಮಾನಗಳಿವೆ, ಸಿನಿಮಾದಲ್ಲಿ ಇರುವವರೆಲ್ಲ ನೌಕಾಪಡೆಯ ಪೈಲಟ್‌ಗಳು. ನಮ್ಮವರು ಎಷ್ಟೋ ಜನ ಅದನ್ನು ವಾಯುಪಡೆಯ ಕಥೆ ಅಂದುಕೊಂಡೇ ನೋಡುತ್ತಾರೆ. ವಿಯೆಟ್ನಾಂ ಯುದ್ಧದಲ್ಲಿ ಆಕಾಶದ ಕಾದಾಟದಲ್ಲಿ ನಿರೀಕ್ಷಿಸಿದಷ್ಟು ಗೆಲುವು ಸಿಗಲಿಲ್ಲ ಅಂತ ಅಮೆರಿಕದ ನೌಕಾಪಡೆ 1969ರಲ್ಲಿ ಒಂದು ವಿಶೇಷ ಶಾಲೆ ತೆರೆಯಿತು. ಅದೇ ಟಾಪ್‌ಗನ್. ಆ ಶಾಲೆ ಆಗ ಮಿರಮಾರ್‌ನಲ್ಲೇ ಇತ್ತು. 1985ರಲ್ಲಿ ಶೂಟಿಂಗ್ ನಡೆದಾಗ ಕ್ಯಾಮೆರಾದ ಮುಂದೆ ಬಂದಿದ್ದು ಆ ಶಾಲೆಯ ನಿಜವಾದ ನೆಲೆಯೇ. ಹಡಗಿನ ದೃಶ್ಯಗಳನ್ನು ತೆಗೆದಿದ್ದು ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ನೌಕೆಯ ಮೇಲೆ. 1961ರಲ್ಲಿ ಸೇವೆಗೆ ಬಂದ, ಅಣುಶಕ್ತಿಯಿಂದ ಓಡುವ ಜಗತ್ತಿನ ಮೊದಲ ವಿಮಾನವಾಹಕ ನೌಕೆ ಅದು. ಆಕಾಶದ ಕಾದಾಟದ ದೃಶ್ಯಗಳಿಗೆ ನೆವಾಡಾ ರಾಜ್ಯದ ಫ್ಯಾಲನ್ ನೆಲೆಯ ಸುತ್ತಲ ಮರುಭೂಮಿಯನ್ನೂ ಬಳಸಿದರು.

ಶತ್ರುಗಳ ವಿಮಾನ ಮಾತ್ರ ಸುಳ್ಳು. ಮಿಗ್-28 ಅನ್ನುವ ವಿಮಾನ ಜಗತ್ತಿನಲ್ಲೇ ಇಲ್ಲ. ಅಮೆರಿಕದ್ದೇ ಎಫ್-5 ವಿಮಾನಗಳಿಗೆ ಕಪ್ಪು ಬಣ್ಣ ಬಳಿದು ಹಾರಿಸಿದರು. ಇದರಲ್ಲೂ ಒಂದು ನಿಜ ಇದೆ ನೋಡಿ. ಟಾಪ್‌ಗನ್ ಶಾಲೆಯ ದಿನನಿತ್ಯದ ಪಾಠದಲ್ಲೂ ಎ-4, ಎಫ್-5ಗಳೇ ಶತ್ರು ವಿಮಾನದ ಪಾತ್ರ ಮಾಡುತ್ತಿದ್ದವು. ಅವು ಚಿಕ್ಕವು, ಚುರುಕು, ದೂರದಿಂದ ಕಣ್ಣಿಗೆ ಬೀಳುವುದು ಕಷ್ಟ. ಶಾಲೆಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅವು ಸಿನಿಮಾದಲ್ಲೂ ಮಾಡಿದವು.

ಎಂಟರ್‌ಪ್ರೈಸ್ ಮೇಲೆ ನಡೆದ ಒಂದು ಪ್ರಸಂಗವನ್ನು ಈ ಚಿತ್ರದ ಬಗ್ಗೆ ಮಾತನಾಡುವವರೆಲ್ಲ ಹೇಳುತ್ತಾರೆ. ನಿರ್ದೇಶಕ ಟೋನಿ ಸ್ಕಾಟ್‌ಗೆ ಸೂರ್ಯ ವಿಮಾನಗಳ ಹಿಂದಿನಿಂದ ಬರಬೇಕಿತ್ತು. ಅಷ್ಟರಲ್ಲಿ ಹಡಗು ದಿಕ್ಕು ಬದಲಿಸಿತು, ಬೆಳಕು ಹೋಯಿತು. ಹಡಗನ್ನು ಮತ್ತೆ ತಿರುಗಿಸಬೇಕಾದರೆ 25 ಸಾವಿರ ಡಾಲರ್ ಖರ್ಚು ಅಂತ ಹೇಳಿದಾಗ ಅವರು ಅಲ್ಲೇ ಚೆಕ್ ಬರೆದುಕೊಟ್ಟು ಇನ್ನೊಂದಿಷ್ಟು ನಿಮಿಷದ ಬೆಳಕು ಪಡೆದರಂತೆ. ಕೇಳುವುದಕ್ಕೆ ರೋಚಕವಾಗಿದೆ ನಿಜ. ಆದರೆ ನೀವು ಗಮನಿಸಬೇಕಾದ್ದು ಹಡಗು ಯಾಕೆ ತಿರುಗುತ್ತದೆ ಅನ್ನುವುದನ್ನು. ವಿಮಾನ ಏರುವಾಗಲೂ ಇಳಿಯುವಾಗಲೂ ಎದುರು ಗಾಳಿ ಬೇಕು. ಆದ್ದರಿಂದ ಹಡಗು ಗಾಳಿ ಬರುವ ಕಡೆ ಮುಖ ಮಾಡಿ ಓಡುತ್ತದೆ. ಅಲ್ಲಿ ಗಾಳಿಯ ಮಾತು ಮೊದಲು, ಕ್ಯಾಮೆರಾದ ಮಾತು ಆಮೇಲೆ. ನಿಜವಾದ ಮಿಲಿಟರಿ ಜಾಗದಲ್ಲಿ ಶೂಟಿಂಗ್ ಮಾಡುವ ಎಲ್ಲರಿಗೂ ಇದೇ ಕಷ್ಟ. ಸೆಟ್‌ನಲ್ಲಾದರೆ ನಿರ್ದೇಶಕ ಹೇಳಿದಾಗ ಬೆಳಗಾಗುತ್ತದೆ. ಇಲ್ಲಿ ಹಾಗಲ್ಲ.

ಆ ಚಿತ್ರಕ್ಕಾಗಿ ಒಂದು ಜೀವವೂ ಹೋಯಿತು. ಆರ್ಟ್ ಶೋಲ್ ಎಂಬ ಹೆಸರಾಂತ ಏರೋಬ್ಯಾಟಿಕ್ ಪೈಲಟ್ ಕ್ಯಾಮೆರಾ ಕಟ್ಟಿದ ಪುಟ್ಟ ಪಿಟ್ಸ್ ವಿಮಾನದಲ್ಲಿ ಸುತ್ತು ಹೊಡೆಯುತ್ತಾ ಬೀಳುವ ದೃಶ್ಯವನ್ನು ಚಿತ್ರಿಸಲು ಹೋಗಿದ್ದರು. 1985ರ ಸೆಪ್ಟೆಂಬರ್ 16ರಂದು ವಿಮಾನ ಆ ಸುತ್ತಿನಿಂದ ಹೊರಗೆ ಬರಲೇ ಇಲ್ಲ, ಸಮುದ್ರಕ್ಕೆ ಬಿತ್ತು. ಸಿನಿಮಾವನ್ನು ಅವರಿಗೇ ಅರ್ಪಿಸಿದ್ದಾರೆ. ಮುಂದಿನ ಸಲ ನೋಡುವಾಗ ಆ ಹೆಸರು ಬರುವವರೆಗೆ ಟಿವಿ ಆರಿಸಬೇಡಿ.

2022ರ ಎರಡನೇ ಚಿತ್ರ, ಟಾಪ್ ಗನ್ ಮೇವರಿಕ್, ಇನ್ನೂ ಹೆಚ್ಚು ಕಡೆ ಸುತ್ತಿದೆ. ಇಲ್ಲೊಂದು ವ್ಯತ್ಯಾಸ ತಿಳಿದಿರಲಿ. ಸಿನಿಮಾದಲ್ಲಿ ಶಾಲೆ ಸಮುದ್ರದ ಪಕ್ಕದಲ್ಲೇ ಇದೆ. ಅಲ್ಲಿ ಕಾಣುವುದು ಸ್ಯಾನ್ ಡಿಯೇಗೊ ಪಕ್ಕದ ನಾರ್ತ್ ಐಲ್ಯಾಂಡ್ ನೌಕಾ ವಾಯುನೆಲೆ. ನಿಜವಾದ ಶಾಲೆ 1996ರಲ್ಲೇ ಮಿರಮಾರ್ ಬಿಟ್ಟು ಫ್ಯಾಲನ್‌ಗೆ ಹೋಯಿತು. ಅದು ರೆನೊ ಊರಿನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್, ಸಮುದ್ರದ ಸುಳಿವೇ ಇಲ್ಲದ ಒಣ ನೆಲ. ಮಿರಮಾರ್ ಈಗ ಮರೈನ್ ದಳದ ನೆಲೆ. ಕಥೆಗೆ ಕಡಲತೀರದ ಬೆಳಕು, ಬೀಚು, ಬಾರು ಬೇಕಿತ್ತು, ಅದಕ್ಕೇ ಶಾಲೆಯನ್ನು ಸಿನಿಮಾದಲ್ಲಿ ವಾಪಸ್ ಸ್ಯಾನ್ ಡಿಯೇಗೊಗೆ ತಂದರು. ನನ್ನ ಪ್ರಕಾರ ಇದು ತಪ್ಪೇನಲ್ಲ. ಜಾಗ ನಿಜ, ವಿಳಾಸ ಮಾತ್ರ ಕಥೆಯದು. ಫ್ಯಾಲನ್ ಸುತ್ತಲ ನೆಲ, ಆಕಾಶ ಹಾರಾಟದ ದೃಶ್ಯಗಳಲ್ಲಿ ಬರುತ್ತದೆ.

ಕಣಿವೆಯೊಳಗೆ ನೆಲಕ್ಕೆ ಅಂಟಿಕೊಂಡಂತೆ ನುಗ್ಗುವ ದೃಶ್ಯ ನಿಮಗೆ ಇಷ್ಟವಾಗಿರಬೇಕು. ಅದರ ಹಿಮದ ಬೆಟ್ಟಗಳು ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಶ್ರೇಣಿಯವು. ಅಲ್ಲಿನ ಹಾರಾಟಕ್ಕೆ ವಿಡ್ಬಿ ಐಲ್ಯಾಂಡ್ ಎಂಬ ನೌಕಾ ವಾಯುನೆಲೆಯನ್ನು ಬಳಸಿಕೊಂಡರು. ಶತ್ರುವಿನ ರೇಡಾರ್‌ಗಳನ್ನು ಕುರುಡು ಮಾಡುವ ಗ್ರೌಲರ್ ವಿಮಾನಗಳ ನೆಲೆ ಅದು. ಪೈಲಟ್‌ಗಳು ತಗ್ಗಿನಲ್ಲಿ ಹಾರುವ ಅಭ್ಯಾಸ ಮಾಡಲು ಆ ಬೆಟ್ಟಗಳ ನಡುವೆ ಗುರುತಿಸಿದ ದಾರಿಗಳೇ ಇವೆ. ಕ್ಯಾಲಿಫೋರ್ನಿಯಾದ ಒಳನಾಡಿನ ಲೆಮೂರ್ ನೆಲೆಯಲ್ಲೂ ಶೂಟಿಂಗ್ ನಡೆಯಿತು. ನೌಕಾಪಡೆಯ ಈಗಿನ ಫೈಟರ್ ವಿಮಾನವಾದ ಸೂಪರ್ ಹಾರ್ನೆಟ್‌ನ ಸ್ಕ್ವಾಡ್ರನ್‌ಗಳ ದೊಡ್ಡ ಮನೆ ಅದು.

ಸಿನಿಮಾದ ಶುರುವಿನಲ್ಲಿ ಡಾರ್ಕ್‌ಸ್ಟಾರ್ ಎಂಬ ಕಪ್ಪು ವಿಮಾನ ಹಾರುವ ಮರುಭೂಮಿ ಚೈನಾ ಲೇಕ್. ಅಮೆರಿಕದ ನೌಕಾಪಡೆ ಹೊಸ ಆಯುಧಗಳನ್ನು ಪರೀಕ್ಷೆ ಮಾಡುವ ಜಾಗ. ಅದರ ವಿಸ್ತಾರ ಸುಮಾರು 11 ಲಕ್ಷ ಎಕರೆ. ಗೌರಿಬಿದನೂರಿನಿಂದ ಚಿಂತಾಮಣಿವರೆಗೆ, ಬಾಗೇಪಲ್ಲಿಯಿಂದ ನಂದಿವರೆಗೆ ನಮ್ಮ ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಅದರೊಳಗೆ ಇಟ್ಟರೂ ಸುತ್ತ ಇನ್ನೂ ಜಾಗ ಉಳಿಯುತ್ತದೆ. ಅಷ್ಟು ಜಾಗದಲ್ಲಿ ಜನವಸತಿ ಇಲ್ಲ ಅಂದಾಗ ಮಾತ್ರ ವಿಮಾನವನ್ನು ಅಷ್ಟು ಕೆಳಗೆ ತರಬಹುದು. ಅಡ್ಮಿರಲ್ ತಲೆಯ ಮೇಲೆ ವಿಮಾನ ಹಾದುಹೋಗಿ, ಪಕ್ಕದ ಕಾವಲು ಗುಡಿಸಲಿನ ಛಾವಣಿ ಎದ್ದು ಬೀಳುತ್ತದಲ್ಲ, ಅದು ನಿಜವಾಗಿಯೇ ಎದ್ದು ಬಿದ್ದದ್ದು. ಯಾರೂ ಯೋಜಿಸಿರಲಿಲ್ಲ. ಅಲ್ಲಿ ಹಾರಿದ್ದು ಸೂಪರ್ ಹಾರ್ನೆಟ್. ಡಾರ್ಕ್‌ಸ್ಟಾರ್ ಅನ್ನುವುದು ಹಾರುವ ವಿಮಾನವಲ್ಲ, ಲಾಕ್‌ಹೀಡ್ ಕಂಪನಿಯ ಎಂಜಿನಿಯರ್‌ಗಳ ಸಹಾಯದಿಂದ ಕಟ್ಟಿದ ಪೂರ್ಣ ಗಾತ್ರದ ಮಾದರಿ. ಹಾರಿದ ಸೂಪರ್ ಹಾರ್ನೆಟ್ ಮೇಲೆ ಕಂಪ್ಯೂಟರ್‌ನಲ್ಲಿ ಡಾರ್ಕ್‌ಸ್ಟಾರ್ ಆಕಾರ ಕೂರಿಸಿದರು.

ನಿಮ್ಮ ಅಣ್ಣನ ಮಾತಿಗೆ ಉತ್ತರ ಇಲ್ಲೇ ಇದೆ. ಅವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಎರಡನೇ ಚಿತ್ರದಲ್ಲಿ ಗ್ರಾಫಿಕ್ಸ್ ಬಳಸಿದ ಶಾಟ್‌ಗಳು ಸುಮಾರು 2,400. ಅದರಲ್ಲಿ ಬರುವ ಹಳೆಯ ಎಫ್-14 ವಿಮಾನ ಹಾರುವುದು ನಿಜವಲ್ಲ. ಅಮೆರಿಕ ಅದನ್ನು 2006ರಲ್ಲೇ ಸೇವೆಯಿಂದ ತೆಗೆದುಹಾಕಿತು. ಸಿನಿಮಾದವರು ಸ್ಯಾನ್ ಡಿಯೇಗೊದ ಮ್ಯೂಸಿಯಂನಿಂದ ಹಾರದ ಒಂದು ವಿಮಾನ ತಂದು ನೆಲದ ದೃಶ್ಯಗಳಿಗೆ ಬಳಸಿದರು. ಆದರೆ ಎಲ್ಲವೂ ಗ್ರಾಫಿಕ್ಸ್ ಅಂದರೆ ಅದು ತಪ್ಪು. ನಟರು ನಿಜವಾಗಿಯೂ ಸೂಪರ್ ಹಾರ್ನೆಟ್‌ನ ಹಿಂದಿನ ಸೀಟಿನಲ್ಲಿ ಕೂತು ಹಾರಿದರು, ಮುಂದೆ ನೌಕಾಪಡೆಯ ಪೈಲಟ್ ಇದ್ದರು. ಟಾಮ್ ಕ್ರೂಸ್‌ಗೆ ಪೈಲಟ್ ಲೈಸೆನ್ಸ್ ಇದ್ದರೂ ಸೂಪರ್ ಹಾರ್ನೆಟ್ ಓಡಿಸಲು ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆ, ಒಪ್ಪಲಿಲ್ಲ. ಕಾಕ್‌ಪಿಟ್ ಒಳಗೆ 6 ಕ್ಯಾಮೆರಾ ಇಟ್ಟಿದ್ದರು. ಮೇಲೆ ಹೋದ ಮೇಲೆ ನಿರ್ದೇಶಕರೂ ಇಲ್ಲ, ಮೇಕಪ್‌ನವರೂ ಇಲ್ಲ. ಕ್ಯಾಮೆರಾ ಆನ್ ಮಾಡುವುದು, ಸೂರ್ಯ ಎಲ್ಲಿದ್ದಾನೆ ನೋಡುವುದು, ಮಾತು ಹೇಳುವುದು ಎಲ್ಲ ನಟರದ್ದೇ. ಇಳಿದ ಮೇಲೆ ಎಲ್ಲರೂ ಕೂತು ನೋಡುತ್ತಿದ್ದರು.

ಹಾರುವ ಮೊದಲು ಅವರಿಗೆಲ್ಲ ತಿಂಗಳುಗಟ್ಟಲೆ ತರಬೇತಿ ಕೊಟ್ಟಿದ್ದರು. ಮೊದಲು ಪುಟ್ಟ ಸೆಸ್ನಾ, ಆಮೇಲೆ ಪಲ್ಟಿ ಹೊಡೆಯುವ ಎಕ್ಸ್‌ಟ್ರಾ ವಿಮಾನ, ಆಮೇಲೆ ಎಲ್-39 ಜೆಟ್, ಕೊನೆಗೆ ಸೂಪರ್ ಹಾರ್ನೆಟ್. ನೀರಿಗೆ ಬಿದ್ದರೆ ಹೊರಗೆ ಬರುವ ಅಭ್ಯಾಸವನ್ನೂ ಮಾಡಿಸಿದರು. ಇಷ್ಟೆಲ್ಲ ಯಾಕೆ ಅಂದರೆ, ವಿಮಾನ ಜೋರಾಗಿ ತಿರುಗಿದಾಗ ದೇಹದ ತೂಕ ಏಳೆಂಟು ಪಟ್ಟು ಆದಂತಾಗುತ್ತದೆ. ರಕ್ತ ತಲೆಯಿಂದ ಕಾಲಿಗೆ ಇಳಿಯುತ್ತದೆ. ಕೆನ್ನೆ ಜೋತುಬೀಳುತ್ತದೆ, ಕತ್ತು ಎತ್ತಲಾಗುವುದಿಲ್ಲ, ಉಸಿರನ್ನು ಗಂಟಲಲ್ಲಿ ಬಿಗಿಹಿಡಿದು ತುಂಡು ತುಂಡಾಗಿ ಬಿಡಬೇಕಾಗುತ್ತದೆ. ಈ ಸಿನಿಮಾದಲ್ಲಿ ಆ ಮುಖಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಹಾರಿ ಇಳಿದ ಪೈಲಟ್‌ನ ಮುಖದ ಮೇಲೆ ಮಾಸ್ಕ್ ಒತ್ತಿದ ಗುರುತು, ಬೆವರಿನಲ್ಲಿ ಅಂಟಿದ ಕೂದಲು ನೋಡಿ ಬೆಳೆದ ಕಣ್ಣು ನನ್ನದು. ಅದನ್ನು ಸ್ಟುಡಿಯೊದಲ್ಲಿ ಕೂತು ನಟಿಸಿದರೆ ನಮಗೆ ತಕ್ಷಣ ಗೊತ್ತಾಗುತ್ತದೆ.

ಹಡಗಿನ ದೃಶ್ಯಗಳೂ ಹಾಗೆಯೇ. 2018ರ ಆಗಸ್ಟ್‌ನಲ್ಲಿ ಚಿತ್ರತಂಡ ಅಬ್ರಹಾಂ ಲಿಂಕನ್ ನೌಕೆಗೆ ಹೋಯಿತು. ಆಗ ಅಲ್ಲಿ ಎಫ್-35ಸಿ ವಿಮಾನದ ಪರೀಕ್ಷೆ ನಡೆಯುತ್ತಿತ್ತು. 2019ರ ಫೆಬ್ರುವರಿಯಲ್ಲಿ ಥಿಯೋಡರ್ ರೂಸ್‌ವೆಲ್ಟ್ ನೌಕೆಯ ಮೇಲೂ ಶೂಟಿಂಗ್ ಆಯಿತು. ಡೆಕ್ ಮೇಲೆ ಬಣ್ಣಬಣ್ಣದ ಜೆರ್ಸಿ ಹಾಕಿದವರು ಓಡಾಡುವುದನ್ನು ನೋಡಿದ್ದೀರಲ್ಲ? ಅದು ಚಂದಕ್ಕೆ ಹಾಕಿದ್ದಲ್ಲ. ಹಳದಿ ಬಟ್ಟೆಯವರು ವಿಮಾನಗಳನ್ನು ನಡೆಸುವವರು. ನೇರಳೆಯವರು ಇಂಧನ ತುಂಬುವವರು. ಕೆಂಪು ಅಂದರೆ ಬಾಂಬು, ಕ್ಷಿಪಣಿ ನೋಡಿಕೊಳ್ಳುವವರು. ಕಂದು ಬಟ್ಟೆಯವನು ಒಂದೊಂದು ವಿಮಾನದ ಹೊಣೆ ಹೊತ್ತವನು. ಹಸಿರಿನವರು ವಿಮಾನವನ್ನು ಎಳೆದು ಎಸೆಯುವ ಕ್ಯಾಟಪಲ್ಟ್, ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವ ತಡೆ ತಂತಿ, ರಿಪೇರಿ ನೋಡುತ್ತಾರೆ. ಇಂಜಿನ್ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಅದಕ್ಕೇ ಬಣ್ಣ ಮತ್ತು ಕೈಸನ್ನೆಯಲ್ಲೇ ಎಲ್ಲ ನಡೆಯುತ್ತದೆ. ಜೂನಿಯರ್ ಆರ್ಟಿಸ್ಟ್‌ಗಳನ್ನು ಕರೆತಂದು ಎರಡು ದಿನದಲ್ಲಿ ಇದನ್ನು ಕಲಿಸಲು ಆಗುವುದಿಲ್ಲ. ನಿಜವಾದ ಜಾಗ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ರನ್‌ವೇ ಎಲ್ಲ ಕಡೆ ಒಂದೇ ಥರ ಇರುತ್ತದೆ. ಅಲ್ಲಿ ಕೆಲಸ ಮಾಡುವವರ ಮೈಯಲ್ಲಿ ಕೂತಿರುವ ಅಭ್ಯಾಸ ಬೇರೆ ಎಲ್ಲೂ ಸಿಗುವುದಿಲ್ಲ.

ಹಾಗಾದರೆ ಅಮೆರಿಕದವರು ಇದನ್ನೆಲ್ಲ ಪುಕ್ಕಟೆ ಕೊಟ್ಟರಾ? ಇಲ್ಲ. ಎರಡನೇ ಚಿತ್ರದಲ್ಲಿ ಸೂಪರ್ ಹಾರ್ನೆಟ್ ಹಾರಾಟಕ್ಕೆ ಗಂಟೆಗೆ 11,374 ಡಾಲರ್ ಲೆಕ್ಕದಲ್ಲಿ ಹಣ ಕಟ್ಟಿಸಿಕೊಂಡರು. ಸಿನಿಮಾಗಾಗಿಯೇ ಆದ ಹೆಚ್ಚುವರಿ ಖರ್ಚನ್ನು ನಿರ್ಮಾಪಕರೇ ಕೊಡಬೇಕು, ಸೇನೆಯ ದಿನನಿತ್ಯದ ಕೆಲಸಕ್ಕೆ ತೊಂದರೆ ಆಗಬಾರದು ಅನ್ನುವುದು ಅಲ್ಲಿನ ನಿಯಮ. ಆದರೆ ದುಡ್ಡಿಗಿಂತ ದೊಡ್ಡ ಬೆಲೆ ಇನ್ನೊಂದಿದೆ. ಅದು ಸ್ಕ್ರಿಪ್ಟ್. ಮೊದಲ ಚಿತ್ರದ ಕಥೆಯಲ್ಲಿ ನಾಯಕಿ ನೌಕಾಪಡೆಯಲ್ಲೇ ಕೆಲಸ ಮಾಡುವವಳಾಗಿದ್ದಳು. ಸೇವೆಯಲ್ಲಿರುವ ಅಧಿಕಾರಿ ಮತ್ತು ಕೆಳಗಿನ ದರ್ಜೆಯವರ ನಡುವೆ ಪ್ರೇಮ ಅಂದರೆ ಶಿಸ್ತಿನ ಪ್ರಶ್ನೆ ಬರುತ್ತದೆ ಅಂತ ನೌಕಾಪಡೆ ಆಕ್ಷೇಪಿಸಿತು. ಅದಕ್ಕೇ ಅವಳು ಹೊರಗಿನಿಂದ ಬಂದ ತಜ್ಞೆ ಆದಳು. ನಾಯಕನ ಸ್ನೇಹಿತ ಗೂಸ್ ಸಾಯುವುದು ಮೊದಲು ಬರೆದಂತೆ ಎರಡು ವಿಮಾನ ಡಿಕ್ಕಿ ಹೊಡೆದು. ಅಷ್ಟೊಂದು ಅಪಘಾತ ತೋರಿಸುವುದು ಬೇಡ ಅಂದಾಗ ಇಜೆಕ್ಟ್ ಆಗುವಾಗ, ಅಂದರೆ ಸೀಟಿನ ಸಮೇತ ವಿಮಾನದಿಂದ ಹೊರಗೆ ಚಿಮ್ಮುವಾಗ, ಸಾಯುವಂತೆ ಬದಲಿಸಿದರು. ನೆಲೆಯ ಬಾಗಿಲು ತೆರೆಯಬೇಕಾದರೆ ಕಥೆಯ ಕೆಲವು ಬಾಗಿಲು ಮುಚ್ಚಬೇಕಾಗುತ್ತದೆ. ಇದನ್ನು ಒಪ್ಪುವುದೋ ಬಿಡುವುದೋ ಅನ್ನುವುದು ನಿರ್ದೇಶಕರಿಗೆ ಬಿಟ್ಟದ್ದು. ಸೇನೆಯನ್ನು ಟೀಕಿಸುವ ಕಥೆ ಬರೆದು ಅವರದೇ ಹಡಗು ಕೇಳಿದರೆ ಕೊಡುವುದಿಲ್ಲ ಅನ್ನುವುದು ಸ್ಪಷ್ಟ. ಹಾಗಂತ ಅಂಥ ಕಥೆ ಬರೆಯಬಾರದು ಅಂತ ನಾನು ಹೇಳುವುದಿಲ್ಲ. ಅದನ್ನು ಬೇರೆ ಜಾಗದಲ್ಲಿ ತೆಗೆಯಬೇಕಾಗುತ್ತದೆ, ಅಷ್ಟೇ.

ನಮ್ಮ ದೇಶದಲ್ಲೂ ಇದು ಹೊಸದಲ್ಲ. 1982ರಲ್ಲಿ ಶಶಿ ಕಪೂರ್ ನಿರ್ಮಿಸಿದ ವಿಜೇತಾ ಹಿಂದಿ ಚಿತ್ರಕ್ಕೆ ವಾಯುಪಡೆ ಚೆನ್ನಾಗಿ ಸಹಕಾರ ಕೊಟ್ಟಿತ್ತು. ಅದರಲ್ಲಿ ನಿಜವಾದ ಮಿಗ್-21ಗಳಿವೆ. ನಿರ್ದೇಶನವೂ ಕ್ಯಾಮೆರಾವೂ ಗೋವಿಂದ ನಿಹಲಾನಿ ಅವರದು. ಅವರು ಕ್ಯಾಮೆರಾ ಕಲಿತದ್ದು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ, ಆಮೇಲೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ಕೈಕೆಳಗೆ. ಕಿರುಚಿತ್ರ ಮಾಡಲು ಹೊರಟಿರುವ ನೀವು ಅದನ್ನು ಒಮ್ಮೆ ನೋಡಲೇಬೇಕು. ಮಿಲಿಟರಿ ವಿಮಾನವನ್ನು ಗದ್ದಲವಿಲ್ಲದೆ, ತಾಳ್ಮೆಯಿಂದ ಹೇಗೆ ತೋರಿಸಬಹುದು ಅಂತ ಗೊತ್ತಾಗುತ್ತದೆ. 2024ರ ಜನವರಿಯಲ್ಲಿ ಬಂದ ಫೈಟರ್ ಚಿತ್ರದ ಶೂಟಿಂಗ್ ಅಸ್ಸಾಂನ ತೇಜ್‌ಪುರ ವಾಯುನೆಲೆಯಲ್ಲಿ, ಹೈದರಾಬಾದ್ ಹತ್ತಿರದ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ನಡೆಯಿತು. ತೇಜ್‌ಪುರ ನಮ್ಮ ಸುಖೋಯ್-30 ವಿಮಾನಗಳ ನೆಲೆ. ಅದರ ನೆಲದ ದೃಶ್ಯಗಳು ನನಗೆ ಹಿಡಿಸಿದವು. ಆಕಾಶದ ದೃಶ್ಯಗಳಲ್ಲಿ ಗ್ರಾಫಿಕ್ಸ್ ಜಾಸ್ತಿ ಆಯಿತು ಅನ್ನಿಸಿತು.

ಗ್ರಾಫಿಕ್ಸ್ ಬಿಟ್ಟು ಬೇರೆ ದಾರಿಯೇ ಇಲ್ಲದ ಕಥೆಗಳೂ ಇವೆ. ಕೊಡಗಿನ ವೀರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಎದುರಿಸಿ ಕೆಡವಿದರು. ತಾವೂ ವಾಪಸ್ ಬರಲಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಿಕ್ಕಿತು. ಅವರ ಕಥೆಯಿಂದ ಪ್ರೇರಣೆ ಪಡೆದ ಹಿಂದಿ ಚಿತ್ರ ಸ್ಕೈ ಫೋರ್ಸ್ 2025ರಲ್ಲಿ ಬಂತು. ಹಾರುವ ಮಿಸ್ಟೇರ್ ಈಗ ನಮ್ಮ ದೇಶದಲ್ಲಿ ಒಂದೂ ಇಲ್ಲ. ಯಾವ ನೆಲೆಗೆ ಹೋದರೂ ಅದು ಸಿಗುವುದಿಲ್ಲ. ಹಾಗೆಯೇ ಟಾಪ್ ಗನ್‌ನ ಹಡಗಿನ ದೃಶ್ಯವನ್ನು ನಮ್ಮ ವಿಕ್ರಾಂತ್ ಮೇಲೆ ಅದೇ ರೀತಿ ತೆಗೆಯಲು ಆಗುವುದಿಲ್ಲ. ಅವರ ಹಡಗಿನಲ್ಲಿ ಉಗಿಯ ಕ್ಯಾಟಪಲ್ಟ್ ವಿಮಾನವನ್ನು ಎಳೆದು ಎಸೆಯುತ್ತದೆ. ನಮ್ಮದರಲ್ಲಿ ಮುಂದಿನ ತುದಿ ಮೇಲಕ್ಕೆ ಬಾಗಿದೆ, ವಿಮಾನ ತನ್ನದೇ ಬಲದಲ್ಲಿ ಓಡಿ ಅದರಿಂದ ಜಿಗಿಯುತ್ತದೆ. ನೋಡಲು ಅದೂ ಬಹಳ ಚಂದ. ನಮ್ಮ ಸಿನಿಮಾದವರು ಅದನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಅನ್ನುವುದು ನನ್ನ ಕೊರಗು.

ಅನುಮತಿಯ ದಾರಿ ಹೀಗೆ. ಅರ್ಜಿ ರಕ್ಷಣಾ ಸಚಿವಾಲಯಕ್ಕೆ ಹೋಗಬೇಕು, ಜೊತೆಗೆ ಪೂರ್ತಿ ಸ್ಕ್ರಿಪ್ಟ್. ಯಾವ ಜಾಗ, ಯಾವ ಉಪಕರಣ, ಎಷ್ಟು ಜನ, ಯಾವ ದಿನ ಎಲ್ಲ ಹೇಳಬೇಕು. ಸಿನಿಮಾ ತಯಾರಾದ ಮೇಲೆ ಅವರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಸೇನೆಯ ವಿಷಯದ ಸಿನಿಮಾ, ವೆಬ್ ಸರಣಿ ಮಾಡುವವರು ಪ್ರದರ್ಶನಕ್ಕೆ ಮೊದಲು ನಿರಾಕ್ಷೇಪಣಾ ಪತ್ರ ಪಡೆಯಲಿ ಅಂತ 2020ರಲ್ಲಿ ಸಚಿವಾಲಯ ಸೆನ್ಸಾರ್ ಮಂಡಳಿಗೂ ಪತ್ರ ಬರೆದಿತ್ತು. ಅದೇ ವರ್ಷ ಗುಂಜನ್ ಸಕ್ಸೇನಾ ಚಿತ್ರದಲ್ಲಿ ತನ್ನನ್ನು ಅನಗತ್ಯವಾಗಿ ಕೆಟ್ಟದಾಗಿ ತೋರಿಸಿದ್ದಾರೆ ಅಂತ ವಾಯುಪಡೆಯೂ ಮಂಡಳಿಗೆ ದೂರಿತು. ಈಗ ಎಲ್ಲರೂ ಎಚ್ಚರಿಕೆಯಿಂದ ಇದ್ದಾರೆ. ಕಾಲೇಜು ಕಿರುಚಿತ್ರಕ್ಕೆ ವಾಯುನೆಲೆಯ ಒಳಗೆ ಬಿಡುವುದು ಕಷ್ಟ ಅಂತಲೇ ಇಟ್ಟುಕೊಳ್ಳಿ.

ಇದರಲ್ಲಿ ಅಧಿಕಾರಿಗಳ ಹಟ ಏನಿಲ್ಲ. ನನ್ನ ಕೆಲಸದಿಂದಲೇ ಒಂದು ಕಾರಣ ಹೇಳುತ್ತೇನೆ. ಜೆಟ್ ಇಂಜಿನ್ ಮುಂದೆ ಇರುವುದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಒಂದು ಸ್ಕ್ರೂ, ಒಂದು ಪೆನ್ ಮುಚ್ಚಳ, ಲೈಟ್ ಸ್ಟ್ಯಾಂಡ್‌ನಿಂದ ಬಿದ್ದ ಒಂದು ನಟ್ಟು ಸಾಕು, ಬ್ಲೇಡುಗಳು ಮುರಿದು ಕೋಟಿಗಟ್ಟಲೆ ಬೆಲೆಯ ಇಂಜಿನ್ ಹಾಳು. ಮೇಲೆ ಹಾರುವಾಗ ಹಾಗಾದರೆ ಪೈಲಟ್‌ನ ಜೀವಕ್ಕೇ ಅಪಾಯ. ನಾವು ಇದನ್ನು ಎಫ್ಓಡಿ, ಅಂದರೆ ಹೊರಗಿನ ವಸ್ತುವಿನಿಂದ ಆಗುವ ಹಾನಿ, ಅನ್ನುತ್ತೇವೆ. ಹಡಗಿನ ಮೇಲೂ, ನೆಲೆಯಲ್ಲೂ ಸಾಲಾಗಿ ನಿಂತು ನೆಲ ನೋಡುತ್ತಾ ನಡೆದು ಚಿಕ್ಕ ಕಲ್ಲನ್ನೂ ಆರಿಸುತ್ತಾರೆ. 2000ದ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನ ಬಿದ್ದು 113 ಜನ ಸತ್ತರು. ಅದರ ಮೂಲ ರನ್‌ವೇ ಮೇಲೆ ಬಿದ್ದಿದ್ದ ಒಂದು ಲೋಹದ ಪಟ್ಟಿ. ಈಗ ಯೋಚನೆ ಮಾಡಿ. ನೂರಾರು ಜನ, ವೈರು, ಟೇಪು, ಕ್ಲಿಪ್ಪು, ಊಟದ ಪೊಟ್ಟಣದ ಜೊತೆ ಚಿತ್ರತಂಡ ಬಂದರೆ ನೆಲೆಯವರಿಗೆ ಎಷ್ಟು ಆತಂಕ ಇರಬೇಡ? ಊಟ ಚೆಲ್ಲಿದರೆ ಹದ್ದು ಬರುತ್ತದೆ. ಏರೋ ಇಂಡಿಯಾ ಬಂದಾಗ ಯಲಹಂಕದ ಸುತ್ತ ಮಾಂಸದಂಗಡಿ ಮುಚ್ಚಿಸುವುದು ಇದೇ ಹಕ್ಕಿಗಳ ಭಯಕ್ಕೆ.

ಯಲಹಂಕದ ಬಗ್ಗೆ ಇನ್ನೊಂದು ಮಾತು. ಏರೋ ಇಂಡಿಯಾದಲ್ಲಿ ಫೈಟರ್‌ಗಳನ್ನು ನೋಡಿ ಅದು ಫೈಟರ್ ನೆಲೆ ಅಂತ ನಮ್ಮ ಕಡೆಯವರು ತಿಳಿದಿದ್ದಾರೆ. ಅಲ್ಲಿ ದಿನನಿತ್ಯ ನಡೆಯುವುದು ಮುಖ್ಯವಾಗಿ ಸಾಗಣೆ ವಿಮಾನಗಳ ಪೈಲಟ್ ತರಬೇತಿ. ನಿಮ್ಮ ಕಥೆಯ ಹುಡುಗಿ ಫೈಟರ್ ಪೈಲಟ್ ಆಗುವುದಾದರೆ ಅವಳ ನಿಜವಾದ ದಾರಿ ಬೇರೆ. ಮೊದಲು ದುಂಡಿಗಲ್, ಆಮೇಲೆ ನಮ್ಮ ಬೀದರ್. ಹೌದು, ಬೀದರ್ ವಾಯುನೆಲೆಯಲ್ಲೇ ಹಾಕ್ ಎಂಬ ಜೆಟ್‌ನಲ್ಲಿ ಫೈಟರ್ ಪೈಲಟ್‌ಗಳಿಗೆ ತರಬೇತಿ ಕೊಡುತ್ತಾರೆ. ಆ ಹಾಕ್‌ಗಳಲ್ಲಿ ಹೆಚ್ಚಿನವನ್ನು ಲೈಸೆನ್ಸ್ ಪಡೆದು ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್. 2016ರ ಜೂನ್ 18ರಂದು ದುಂಡಿಗಲ್‌ನಲ್ಲಿ ಅಧಿಕಾರಿಗಳಾದ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್, ಆಮೇಲೆ ಬಂದದ್ದು ಬೀದರ್‌ಗೇ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಯಲಹಂಕ ಅಂತ ಬರೆದಿದ್ದರೆ ಮೊದಲು ಅದನ್ನು ಬೀದರ್ ಅಂತ ತಿದ್ದಿ. ಕನ್ನಡ ನೆಲದಲ್ಲೇ ಇಂಥ ಜಾಗ ಇರುವಾಗ ಕಥೆಗೆ ಅದಕ್ಕಿಂತ ಒಳ್ಳೆಯ ಆಧಾರ ಬೇಕಾ?

ಒಳಗೆ ಹೋಗದೆ ಚಿತ್ರ ಮಾಡುವುದು ಹೇಗೆ? ವಿಮಾನ ಹತ್ತಿರದಿಂದ ಬೇಕಾದರೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆ ಕಡೆ ಎಚ್‌ಎಎಲ್ ಹೆರಿಟೇಜ್ ಸೆಂಟರ್ ಇದೆ. ಮಿಗ್-21 ಇದೆ, 1961ರಲ್ಲಿ ಮೊದಲು ಹಾರಿದ ನಮ್ಮದೇ ಮಾರುತ್ ಇದೆ. ಅಲ್ಲಿನ ಕಚೇರಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆದು, ಶೂಟಿಂಗ್‌ಗೆ ಅನುಮತಿ ಕೇಳಿ. ಸುಮ್ನೆ ಪ್ರವಾಸಿಗರ ಹಾಗೆ ಹೋಗಿ ಕದ್ದು ತೆಗೆಯಬೇಡಿ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಸುತ್ತಲೂ ಕ್ಯಾಮೆರಾ ಹಿಡಿದು ಸುಳಿಯಬೇಡಿ, ಅಲ್ಲೂ ವಾಯುನೆಲೆಯಷ್ಟೇ ಬಿಗಿ. ಸಣ್ಣ ವಿಮಾನ ಓಡುವ ದೃಶ್ಯ ಬೇಕಾದರೆ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಅದು ಮಿಲಿಟರಿ ಜಾಗವಲ್ಲ. ಅಲ್ಲಿಯೂ ಮೊದಲು ಪತ್ರ, ಆಮೇಲೆ ಕ್ಯಾಮೆರಾ. ಸಮವಸ್ತ್ರದ ವಿಷಯದಲ್ಲಿ ಜಾಗರೂಕರಾಗಿರಿ. ಫೈಟರ್ ಚಿತ್ರದಲ್ಲಿ ಸಮವಸ್ತ್ರ ಹಾಕಿಕೊಂಡು ಚುಂಬಿಸುವ ದೃಶ್ಯಕ್ಕೆ ವಾಯುಪಡೆಯ ಅಧಿಕಾರಿಯೊಬ್ಬರು ನೋಟಿಸ್ ಕಳಿಸಿದ್ದರು. ಪದಕ, ರ್‍ಯಾಂಕ್ ಪಟ್ಟಿ, ರೆಕ್ಕೆಯ ಬ್ಯಾಡ್ಜ್ ಎಲ್ಲಕ್ಕೂ ಜಾಗ, ಕ್ರಮ ಇದೆ. ಶೂಟಿಂಗ್ ಮುಗಿದ ತಕ್ಷಣ ಬಟ್ಟೆ ಬದಲಿಸಿ, ಅದನ್ನು ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಓಡಾಡಬೇಡಿ.

ಇದೆಲ್ಲಕ್ಕಿಂತ ನನ್ನ ಆಸೆ ಬೇರೆ. ನಿಮ್ಮ ಕಥೆಯ ಬಹುಪಾಲು ವಾಯುನೆಲೆಯ ಹೊರಗೇ ಇದೆ ಅಂತ ನನಗನ್ನಿಸುತ್ತದೆ. ಪರೀಕ್ಷೆಗೆ ಓದುವ ಹುಡುಗಿ, ಬೆಳಗ್ಗೆ ಕೆರೆ ಏರಿ ಮೇಲೆ ಓಡುವುದು, ಕಣ್ಣಿನ ತಪಾಸಣೆಗೆ ಹೋಗುವಾಗಿನ ಭಯ, ಮಗಳು ಜೆಟ್ ಓಡಿಸುತ್ತಾಳೆ ಅಂದಾಗ ಅಜ್ಜಿ ಕೇಳುವ ಪ್ರಶ್ನೆಗಳು. ಇದಕ್ಕೆ ಯಾರ ಅನುಮತಿಯೂ ಬೇಡ, ಗೌರಿಬಿದನೂರೇ ಸಾಕು. ನೆಲೆಯನ್ನು ಒಂದು ಕೋಣೆಯಲ್ಲಿ ತೋರಿಸಬಹುದು. ಹಾರುವ ಮುಂಚೆ ಪೈಲಟ್‌ಗಳು ಕೂರುವ ಕೋಣೆಯಲ್ಲಿ ಬೋರ್ಡು, ಹವಾಮಾನದ ವಿವರ, ಗೋಡೆಯ ಗಡಿಯಾರ, ಟೀ ಲೋಟ ಇರುತ್ತವೆ. ವಿಮಾನವನ್ನು ಶಬ್ದದಲ್ಲಿ ತನ್ನಿ. ಒಬ್ಬ ಟೆಕ್ನಿಷಿಯನ್ ಪಾತ್ರ ಖಂಡಿತ ಇಡಿ. ಪೈಲಟ್ ಹತ್ತುವ ಮೊದಲು ವಿಮಾನದ ಸುತ್ತ ಒಂದು ಸುತ್ತು ಬಂದು ನೋಡುತ್ತಾಳೆ. ಆಮೇಲೆ ವಿಮಾನ ಸಿದ್ಧವಾಗಿದೆ ಅಂತ ನೆಲದ ಸಿಬ್ಬಂದಿ ಸಹಿ ಹಾಕಿಟ್ಟಿರುವ ಪುಸ್ತಕಕ್ಕೆ ತಾನೂ ಸಹಿ ಹಾಕುತ್ತಾಳೆ. ಆ ಎರಡು ಸಹಿಗಳ ನಡುವಿನ ನಂಬಿಕೆಯನ್ನು ನಮ್ಮ ಸಿನಿಮಾಗಳು ಬಹಳ ಕಡಿಮೆ ತೋರಿಸಿವೆ.

ಸ್ಕ್ರಿಪ್ಟ್ ಬರೆದು ಮುಗಿಸಿದ ಮೇಲೆ ನನಗೆ ಕಳಿಸಿಕೊಡಿ. ಹ್ಯಾಂಗರ್‌ನಲ್ಲಿ, ವಿಮಾನದ ಪಕ್ಕದಲ್ಲಿ ಯಾರು ಯಾರನ್ನು ಹೇಗೆ ಕರೆಯುತ್ತಾರೆ, ಯಾವ ಕೈಸನ್ನೆಗೆ ಏನರ್ಥ ಅನ್ನುವುದನ್ನೆಲ್ಲ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.